ಸೆಂತುಲ್‌ನ ಗುಂಡಿಯಲ್ಲಿ ಐದೂವರೆ ಗಂಟೆ

2014ರಲ್ಲಿ ದೀಪಾವಳಿ ಅಕ್ಟೋಬರ್ 22ಕ್ಕೆ ಬಂದಿತ್ತು. ಮಲೇಷ್ಯಾದಲ್ಲಿ ಅಂದು ಸರ್ಕಾರಿ ರಜೆ. ಅದರ ಮರುವಾರ, ಮಧ್ಯಾಹ್ನ ಮೂರೂವರೆ ದಾಟಿದ ಹೊತ್ತಿನಲ್ಲಿ, ಕೌಲಾಲಂಪುರದ ಸೆಂತುಲ್ ಎಂಬಲ್ಲಿ ಒಳಚರಂಡಿಗೆ ತೋಡಿದ್ದ ಗುಂಡಿಯ ಗೋಡೆ ಕುಸಿದು ನಾನು ಎದೆಮಟ್ಟ ಮಣ್ಣಲ್ಲಿ ಹೂತುಹೋದೆ. ಹೊರಗೆ ಬಂದಾಗ ರಾತ್ರಿ ಒಂಬತ್ತು ಗಂಟೆ ಹತ್ತು ನಿಮಿಷ. ನನ್ನ ಎಡ ಸೊಂಟದಿಂದ ಎರಡು ಅಡಿ ದೂರದಲ್ಲಿ ಎರಡನೇ ಮಹಾಯುದ್ಧದ ವಿಮಾನ ಬಾಂಬ್ ಒಂದು ಬಿದ್ದಿದೆ ಎಂಬುದು ಮೊದಲ ಮುಕ್ಕಾಲು ಗಂಟೆ ಗೊತ್ತಿರಲಿಲ್ಲ. ಉಳಿದ ಅಷ್ಟೂ ಹೊತ್ತು ಗೊತ್ತಿತ್ತು.

ನಾನು ಅರಸೀಕೆರೆಯವನು, ಸಿವಿಲ್ ಎಂಜಿನಿಯರ್. 2011ರಲ್ಲಿ ಕೆಲಸಕ್ಕೆಂದು ಮಲೇಷ್ಯಾಕ್ಕೆ ಹೋದೆ. ಸೆಂತುಲ್ ರೈಲ್ವೆಯಿಂದಲೇ ಬೆಳೆದ ಊರು. ಬ್ರಿಟಿಷರ ಕಾಲದಲ್ಲಿ ಮಲಯ ರೈಲ್ವೆಯ ದೊಡ್ಡ ವರ್ಕ್‌ಶಾಪ್ ಇದ್ದದ್ದು ಇಲ್ಲೇ. ಹಳಿ ಹಾಕಲು, ಎಂಜಿನ್ ರಿಪೇರಿ ಮಾಡಲು ಬಂದ ತಮಿಳರ ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಅಲ್ಲಿದ್ದಾರೆ. ಬೆಳಿಗ್ಗೆ ಸೈಟಿಗೆ ಹೋಗುವ ದಾರಿಯಲ್ಲಿ ಇಡ್ಲಿ ಸಿಗುತ್ತಿತ್ತು, ಅಂಗಡಿಯ ಅಮ್ಮ ನನ್ನ ಹರಕು ತಮಿಳನ್ನು ತಿದ್ದುತ್ತಿದ್ದರು. ನೆಲ ಮಾತ್ರ ನಮಗೆ ಒಗ್ಗಿದ ನೆಲವಲ್ಲ. ಕೌಲಾಲಂಪುರ ಹುಟ್ಟಿದ್ದೇ ತವರದ ಗಣಿಗಾರಿಕೆಯಿಂದ. ತವರ ತೆಗೆದು ಬಿಟ್ಟ ಹೊಂಡಗಳನ್ನು ಮುಚ್ಚಿ ಎಷ್ಟೋ ಕಡೆ ಊರು ಕಟ್ಟಿದ್ದಾರೆ. ಮೇಲೆ ಗಟ್ಟಿ ಕಾಣುತ್ತದೆ, ಎರಡು ಮೀಟರ್ ಕೆಳಗೆ ಹೋದರೆ ಅಂಬಲಿಯಂಥ ಕೆಸರು.

ನಮ್ಮ ಗುಂಡಿಯ ಆಳ ಮೂರೂವರೆ ಮೀಟರ್. ಅಂಥ ಮಣ್ಣಿನಲ್ಲಿ ಅಷ್ಟು ಆಳಕ್ಕೆ ಇಳಿಯಬೇಕಾದರೆ ಎರಡೂ ಪಕ್ಕಕ್ಕೆ ಶೀಟ್ ಪೈಲ್ ಹೊಡೆದು, ಅಡ್ಡ ತೊಲೆ ಕೊಟ್ಟು ಶೋರಿಂಗ್ ಮಾಡಲೇಬೇಕು. ಮಾಡಿದ್ದರು, ಆದರೆ ಕೊನೆಯ ಆರು ಮೀಟರ್ ಬಾಕಿ ಉಳಿದಿತ್ತು. ಶೀಟು ಮರುದಿನ ಬರುತ್ತದೆ, ಅಗೆತ ಮುಂದುವರಿಸಿ ಎಂದು ಗುತ್ತಿಗೆದಾರರ ಕಡೆಯಿಂದ ಹೇಳಿಕೆ ಬಂತು. ಬೇಡ ಎನ್ನಬಹುದಿತ್ತು. ನಾನು ಎನ್ನಲಿಲ್ಲ. ಪೈಪಿನ ಮಟ್ಟ ಸರಿಯಿದೆಯೇ ನೋಡಲು ಲೆವೆಲಿಂಗ್ ಸ್ಟಾಫ್ ಹಿಡಿದು ನಾನೇ ಏಣಿಯಲ್ಲಿ ಇಳಿದೆ. ಆಗಲೇ ಮೋಡ ಕಪ್ಪಿಟ್ಟಿತ್ತು. ಆ ತಿಂಗಳಲ್ಲಿ ಕೌಲಾಲಂಪುರದಲ್ಲಿ ಹೆಚ್ಚುಕಡಿಮೆ ದಿನಾ ಮಧ್ಯಾಹ್ನ ಗುಡುಗಿ ಸುರಿಯುತ್ತದೆ.

ಮಣ್ಣು ಕುಸಿಯುವಾಗ ಸದ್ದಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಒದ್ದೆ ಬಟ್ಟೆಯ ಮೂಟೆಯನ್ನು ಯಾರೋ ಬೆನ್ನ ಮೇಲೆ ಇಳಿಸಿದ ಹಾಗಾಯಿತು. ಮುಂದಕ್ಕೆ ಬಾಗಿದೆ. ನೆಟ್ಟಗಾಗುವಷ್ಟರಲ್ಲಿ ಎದೆಯ ತನಕ ಬಿಗಿದಿತ್ತು. ಎಡಗೈ ಮಣ್ಣಿನೊಳಗೆ, ಬಲಗೈ ಹೊರಗೆ. ಉಸಿರು ಬಿಟ್ಟಾಗ ಮಣ್ಣು ಒಂದಿಷ್ಟು ಒಳಗೆ ಸರಿಯುತ್ತಿತ್ತು, ಮತ್ತೆ ಎಳೆದುಕೊಳ್ಳಲು ಹೋದರೆ ಆ ಒಂದಿಷ್ಟು ಜಾಗ ವಾಪಸು ಸಿಗುತ್ತಿರಲಿಲ್ಲ. ಒಂದು ಘನಮೀಟರ್ ಒದ್ದೆ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ ಎಂದು ಎಷ್ಟು ಸಲ ಲೆಕ್ಕ ಮಾಡಿದ್ದೇನೋ. ಆ ಲೆಕ್ಕ ಮೈಗೆ ತಿಳಿದದ್ದು ಅಂದೇ.

ಮೊದಲು ಇಳಿದವನು ಬಾಂಗ್ಲಾದೇಶದ ಒಬ್ಬ ಕೆಲಸಗಾರ. ನಾವೆಲ್ಲ ಅವನನ್ನು ಭಾಯ್ ಎನ್ನುತ್ತಿದ್ದೆವು, ಅವನು ನನ್ನನ್ನು ಬಾಸ್ ಎನ್ನುತ್ತಿದ್ದ. ಮೇಲಿನ ಮಣ್ಣು ಇನ್ನೂ ಉದುರುತ್ತಿತ್ತು. ಅದನ್ನು ನೋಡುತ್ತಲೇ ಇಳಿದ. ಮೊದಲು ಕೈಯಿಂದ ನನ್ನ ಎದೆಯ ಮುಂದಿನ ಮಣ್ಣು ಬಗೆದ. ಆಮೇಲೆ ಚಂಗ್ಕುಲ್ ತೆಗೆದುಕೊಂಡ. ನಮ್ಮ ಗುದ್ದಲಿಗೆ ಅಲ್ಲಿನ ಹೆಸರು ಅದು. ಮೇಲೆ ಯಾರೋ “ಬೊಂಬಾ, ಬೊಂಬಾ” ಎಂದು ಕೂಗಿದರು. ಮಲಯ ಭಾಷೆಯಲ್ಲಿ ಅಗ್ನಿಶಾಮಕ ದಳಕ್ಕೆ ಬೊಂಬಾ ಎನ್ನುತ್ತಾರೆ. ಮೂರು ವರ್ಷದಿಂದ ಕೇಳುತ್ತಿದ್ದ ಪದ, ಆ ಕ್ಷಣಕ್ಕೆ ಅದರ ಬಗ್ಗೆ ಬೇರೆ ಯೋಚನೆ ಬರಲಿಲ್ಲ.

ಸುಮಾರು ಮುಕ್ಕಾಲು ಗಂಟೆ ಕಳೆದಿರಬೇಕು. ಬೊಂಬಾದವರು ಬಂದು ಮೇಲೆ ಹಲಗೆ ಹಾಸಿ, ಏಣಿ ಇಳಿಸುತ್ತಿದ್ದರು. ನನ್ನ ಎಡಗಡೆ ಭಾಯ್‌ನ ಚಂಗ್ಕುಲ್ ಠಣ್ ಎಂದಿತು. ಕಲ್ಲಲ್ಲ ಎಂಬುದು ಇಬ್ಬರಿಗೂ ಗೊತ್ತಾಯಿತು. ಹಳೆಯ ಪೈಪಿರಬೇಕು ಎಂದುಕೊಂಡು ಅವನು ಅಂಗೈಯಿಂದ ಕೆಸರು ಒರೆಸಿದ. ತುಕ್ಕು ಹಿಡಿದು ಗಂಟುಗಂಟಾದ ಕಬ್ಬಿಣ. ಪೈಪಿನಷ್ಟೇ ದುಂಡಗೆ ಬಂದು, ಒಂದು ತುದಿಯಲ್ಲಿ ಸಣ್ಣದಾಗುತ್ತಾ ಹೋಗಿತ್ತು. ಗೋಡೆ ಜಾರಿದಾಗ ಅದರ ಜೊತೆಗೇ ಜಾರಿ ಬಂದು ನನ್ನ ಪಕ್ಕ ನಿಂತಿತ್ತು. ಅವನು ಕೈ ತೆಗೆದುಬಿಟ್ಟ. “ಜಾಂಗನ್ ಗೆರಾಕ್, ಬಾಸ್” ಎಂದ, ತೀರಾ ಮೆಲ್ಲಗೆ. ಅಲುಗಾಡಬೇಡಿ ಎಂದು. ಅಲುಗಾಡಲು ನನಗೆ ಬರುವಂತೆಯೂ ಇರಲಿಲ್ಲ.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ಅಪ್ಪ ಒಡಿಶಾದ ಬಾಲಾಸೋರ್ ಹತ್ತಿರದ ಚಾಂದೀಪುರದಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವರು. ಅಲ್ಲಿನ ಪ್ರೂಫ್ ಅಂಡ್ ಎಕ್ಸ್‌ಪೆರಿಮೆಂಟಲ್ ಎಸ್ಟಾಬ್ಲಿಷ್‌ಮೆಂಟ್ 1895ರಲ್ಲಿ ಶುರುವಾದದ್ದು. ತೋಪು, ತೋಪಿನ ಗುಂಡು, ಮದ್ದು, ಗುಂಡನ್ನು ಸಿಡಿಸುವ ಫ್ಯೂಜ್ ಇವನ್ನೆಲ್ಲ ಹಾರಿಸಿ ಪರೀಕ್ಷಿಸುವ ಜಾಗ. ಆ ಜಾಗವನ್ನೇ ಆರಿಸಲು ಕಾರಣ ಅಲ್ಲಿನ ಸಮುದ್ರ. ಇಳಿತದ ಹೊತ್ತಿನಲ್ಲಿ ನೀರು ಐದು ಕಿಲೋಮೀಟರಿನವರೆಗೂ ಹಿಂದೆ ಸರಿಯುತ್ತದೆ. ಹಾರಿಸಿದ ಗುಂಡು ಎಲ್ಲಿ ಬಿತ್ತು, ಹೇಗೆ ಬಿತ್ತು ಎಂದು ಬರಿಯ ನೆಲದ ಮೇಲೆ ನಡೆದು ಹೋಗಿ ನೋಡಬಹುದು. ನಾನು ಅರಸೀಕೆರೆಯಲ್ಲಿ ಅಜ್ಜಿಯ ಜೊತೆ ಇದ್ದು ಓದಿದವನು, ಬೇಸಿಗೆ ರಜೆಗೆ ಮಾತ್ರ ಚಾಂದೀಪುರ. ಬೆಳಿಗ್ಗೆ ಸೈರನ್, ಕೆಂಪು ಬಾವುಟ. ಆಮೇಲೆ ತೋಪಿನ ಸದ್ದಿಗೆ ಅಡುಗೆಮನೆಯ ತಟ್ಟೆಗಳು ಗಲಗಲ ಎನ್ನುತ್ತಿದ್ದವು. ಅಮ್ಮ ಸ್ಟೀಲ್ ಲೋಟಗಳನ್ನು ಬಟ್ಟೆ ಹಾಸಿ ಜೋಡಿಸುತ್ತಿದ್ದಳು.

ಪ್ರೂಫ್ ಎಂದರೆ ಏನೆಂದು ಅಪ್ಪ ವಿವರಿಸಿದ್ದು ನೆನಪಿದೆ. ಕಾರ್ಖಾನೆಯಿಂದ ಬಂದ ಪ್ರತಿ ಲಾಟಿನಿಂದ ಕೆಲವನ್ನು ತೆಗೆದು ಹಾರಿಸುತ್ತಾರೆ. ಗುಂಡಿನ ವೇಗ ಅಳೆಯುತ್ತಾರೆ. ತೋಪಿನೊಳಗೆ ಎಷ್ಟು ಒತ್ತಡವಾಯಿತು ಎಂದು ತಿಳಿಯಲು ಚಿಕ್ಕ ತಾಮ್ರದ ಉರುಳೆ ಇಟ್ಟಿರುತ್ತಾರೆ, ಅದು ಎಷ್ಟು ಚಪ್ಪಟೆಯಾಗಿದೆ ಎಂಬುದೇ ಲೆಕ್ಕ. ಒಮ್ಮೆ ಅಂಥದ್ದೊಂದು ಚಪ್ಪಟೆ ಉರುಳೆಯನ್ನು ನನ್ನ ಅಂಗೈಯಲ್ಲಿಟ್ಟು, “ನೋಡು ಮರಿ, ಇದಕ್ಕೆ ಬಿದ್ದ ಪೆಟ್ಟು ಎಷ್ಟಿರಬೇಕು” ಎಂದಿದ್ದರು. ಸಿಡಿಯಬೇಕಾದ ಗುಂಡು ಸಿಡಿಯದೆ ಬಿದ್ದರೆ ಅದಕ್ಕೆ ಅವರು ‘ಬ್ಲೈಂಡ್’ ಎನ್ನುತ್ತಿದ್ದರು. ಬ್ಲೈಂಡ್ ಆಯಿತೆಂದರೆ ಮನೆಗೆ ತಡವಾಗಿ ಬರುತ್ತಿದ್ದರು. ಅದನ್ನು ಹುಡುಕಿ, ಪಕ್ಕ ಬಾವುಟ ನೆಟ್ಟು, ಯಾರೂ ಮುಟ್ಟದಂತೆ ಕಾದು, ಬಿದ್ದಲ್ಲೇ ಸಿಡಿಸಿ ಮುಗಿಸಬೇಕು. ಹಾರಿದವಕ್ಕೂ ಸಿಡಿದವಕ್ಕೂ ಲೆಕ್ಕ ತಾಳೆಯಾಗದೆ ದಿನ ಮುಗಿಯುವುದಿಲ್ಲ ಎನ್ನುತ್ತಿದ್ದರು.

ಅಪ್ಪ 2009ರಲ್ಲಿ ತೀರಿಹೋದರು. ಸೆಂತುಲ್‌ನ ಗುಂಡಿಯಲ್ಲಿ ನಿಂತು ನಾನು ಮೊದಲು ಮಾಡಿದ ಕೆಲಸ ಎಂದರೆ ಅಪ್ಪನ ಹಾಗೆ ನೋಡಿದ್ದು. ಮೂತಿ ಯಾವ ಕಡೆ, ಬಾಲ ಯಾವ ಕಡೆ? ಫ್ಯೂಜ್ ಎಲ್ಲಿರುತ್ತದೆ? ಮೂತಿ ನನ್ನ ಕಡೆಗೇ ಇತ್ತು. ಭಾಯ್‌ಗೆ ಮೇಲೆ ಹೋಗು ಎಂದೆ. ಅವನು ಹೋಗಲಿಲ್ಲ. ಬೊಂಬಾದ ಅಧಿಕಾರಿ ಇಳಿದು ಬಂದು, ಒಂದೇ ನೋಟ ನೋಡಿ, ಅವನ ತೋಳು ಹಿಡಿದು ಏಣಿ ಹತ್ತಿಸಿದ.

ಆಮೇಲೆ ಎಲ್ಲವೂ ನಿಧಾನವಾಯಿತು. ನಮ್ಮೂರಲ್ಲಿ ಹಿಟಾಚಿ ಎನ್ನುವ ಅಗೆಯುವ ಯಂತ್ರದ ಎಂಜಿನ್ ನಿಲ್ಲಿಸಿದರು. ರಸ್ತೆಯ ಸದ್ದು ನಿಂತಿತು. ಮಳೆ ಶುರುವಾಯಿತು. ನೀರು ಎಳೆಯುತ್ತಿದ್ದ ಡೀಸೆಲ್ ಪಂಪನ್ನೂ ನಿಲ್ಲಿಸಿದರು, ಅದರ ನಡುಕ ಬೇಡವೆಂದು. ಪಂಪ್ ನಿಂತ ಮೇಲೆ ಗುಂಡಿಯಲ್ಲಿ ನೀರು ಏರತೊಡಗಿತು. ಸಡಿಲ ಮಣ್ಣಿಗೆ ನೀರು ಸೇರಿದರೆ ಬಿಗಿತ ಕಡಿಮೆಯಾಗಬೇಕು ಎಂದು ಓದಿದ್ದೆ. ಆಗಲಿಲ್ಲ, ಕಾಲುಗಳನ್ನು ಕೆಳಗಿನಿಂದ ಯಾರೋ ಹೀರಿದ ಹಾಗಿತ್ತು. ನಾಲ್ಕು ಜನ ಬೊಂಬಾದವರು ಪೇಂಟಿನ ಖಾಲಿ ಬಕೆಟ್ಟುಗಳಲ್ಲಿ ನೀರು ಮೊಗೆದು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮಣ್ಣನ್ನೂ ಕೈಯಿಂದಲೇ ತೆಗೆಯುತ್ತಿದ್ದರು, ಅದೂ ನನ್ನ ಬಲಗಡೆಯಿಂದ ಮಾತ್ರ.

ಪೊಲೀಸರ ಬಾಂಬ್ ನಿಷ್ಕ್ರಿಯ ದಳ ಬಂದಾಗ ಕತ್ತಲಾಗುತ್ತಿತ್ತು. ಇಳಿದವನು ಚಿಕ್ಕ ವಯಸ್ಸಿನ ಮಲಯ ಹುಡುಗ. ನನ್ನನ್ನು ನೋಡುವ ಮೊದಲು ಅದನ್ನು ನೋಡಿದ. ಟಾರ್ಚ್ ಹಿಡಿದು, ಮುಟ್ಟದೆ, ಮೂತಿಯಿಂದ ಬಾಲದವರೆಗೆ. ಆಮೇಲೆ ನನ್ನ ಕಡೆ ತಿರುಗಿ ಯಾವ ಊರು ಎಂದು ಕೇಳಿದ. ಬೆಂಗಳೂರು ಎಂದೆ. ಅರಸೀಕೆರೆ ಎಂದರೆ ಅವನಿಗೆ ಗೊತ್ತಾಗದು. ಫ್ಯೂಜ್ ಇದೆಯೇ ಎಂದು ಕೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, ಇದೆ ಎಂದ. ಸುಳ್ಳು ಹೇಳಲಿಲ್ಲವಲ್ಲ ಎಂದು ಇಂದಿಗೂ ಅವನಿಗೆ ಋಣಿ. ನನಗೂ ಅದಕ್ಕೂ ನಡುವೆ ಮರಳಿನ ಚೀಲಗಳನ್ನು ಒಂದೊಂದಾಗಿ, ಮಗುವನ್ನು ಮಲಗಿಸುವ ಹಾಗೆ ಇಟ್ಟ. ಅಷ್ಟು ಹತ್ತಿರದಲ್ಲಿ ಆ ಚೀಲಗಳಿಂದ ಏನೂ ಆಗದು ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಅವು ಬಂದ ಮೇಲೆ ಆ ಕಡೆ ತಿರುಗಿ ನೋಡಬೇಕಾಗಿ ಬರಲಿಲ್ಲ.

ಭಯದ ಬಗ್ಗೆ ಕೇಳುತ್ತಾರೆ. ಮೊದಲ ಒಂದು ಗಂಟೆ ಇತ್ತು. ಆಮೇಲೆ ಕಾಲಿನ ನೋವು ಅದನ್ನು ಹಿಂದೆ ತಳ್ಳಿತು, ಕಾಲು ಮರಗಟ್ಟಿದ ಮೇಲೆ ಚಳಿ ಬಂತು. ಏಳು ಗಂಟೆಯ ಸುಮಾರಿಗೆ ಬೊಂಬಾದವನೊಬ್ಬ ಫೋನನ್ನು ನನ್ನ ಕಿವಿಗೆ ಹಿಡಿದ. ಹೆಂಡತಿ ಅದೇ ಊರಿನ ಬ್ರಿಕ್‌ಫೀಲ್ಡ್ಸ್‌ನ ಮನೆಯಲ್ಲಿದ್ದಳು. “ರೀ, ಎಲ್ಲಿದ್ದೀರಿ, ಮಳೆ ಬರ್ತಿದೆ” ಎಂದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. “ಕೆಲಸ ಮುಗೀಲಿಲ್ಲ, ತಡ ಆಗುತ್ತೆ, ನೀನು ಊಟ ಮಾಡು” ಎಂದೆ. ಅಷ್ಟು ಹೇಳುವುದಕ್ಕೆ ನಾಲ್ಕು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಅವಳು ಏನನ್ನೋ ಊಹಿಸಿದಳು. ಫೋನ್ ಇಡದೆ ಹಾಗೇ ಹಿಡಿದುಕೊಂಡಿದ್ದಳು, ಆ ಕಡೆ ಕುಕ್ಕರ್ ಕೂಗುವುದು ನನಗೆ ಕೇಳಿಸುತ್ತಿತ್ತು.

ಎಂಟೂವರೆಗೆ ಬಲಗಾಲು ಬಿಡುಗಡೆಯಾಯಿತು. ಎಡಗಾಲು ಬಿಡಿಸುವ ಮೊದಲು ಡಾಕ್ಟರೊಬ್ಬರು ಏಣಿಯಲ್ಲಿ ಇಳಿದು ಬಲಗೈಗೆ ಡ್ರಿಪ್ ಹಾಕಿದರು. ಗಂಟೆಗಟ್ಟಲೆ ನಜ್ಜಿದ ಸ್ನಾಯುಗಳ ಮೇಲಿನ ಭಾರ ಒಮ್ಮೆಗೇ ತೆಗೆದರೆ ಅವುಗಳ ವಿಷ ರಕ್ತಕ್ಕೆ ಸೇರಿ ಮೂತ್ರಪಿಂಡ, ಹೃದಯ ಕೆಡುತ್ತವಂತೆ. ಬಾಂಬಿನ ಪಕ್ಕ ಮಂಡಿಯೂರಿ ಕುಳಿತು ನರ ಹುಡುಕಿದ ಆ ವೈದ್ಯರ ಕೈ ನಡುಗಲಿಲ್ಲ. ಮೇಲೆ ಬಂದಾಗ ಟೇಪಿನಾಚೆ ಜನ ನಿಂತಿದ್ದರು. ಅವರಲ್ಲಿ ಭಾಯ್ ಇದ್ದ. ಐದು ಗಂಟೆಯಿಂದ ಮಳೆಯಲ್ಲಿ ಅಲ್ಲೇ ನಿಂತಿದ್ದನಂತೆ. ಕೈಯ ಉಗುರುಗಳು ಕಿತ್ತುಹೋಗಿದ್ದವು.

ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಅದು ಕೂಡಿತು, ನರ ಕೂಡಲಿಲ್ಲ. ಪಾದ ಎತ್ತಲು ಬರುವುದಿಲ್ಲ, ಈಗಲೂ ಪಟ್ಟಿ ಕಟ್ಟಿಕೊಂಡೇ ನಡೆಯುತ್ತೇನೆ. ಮರುದಿನ ಸುತ್ತಲಿನ ಮನೆಗಳನ್ನು ಖಾಲಿ ಮಾಡಿಸಿ ಆ ಬಾಂಬನ್ನು ಸಿಡಿಸಿ ಮುಗಿಸಿದರು. 500 ಪೌಂಡಿನದು, ಅಮೆರಿಕದ್ದು ಎಂದು ಆಮೇಲೆ ತಿಳಿಯಿತು. ಆ ಜಾತಿಯ ಬಾಂಬಿನ ತೂಕದಲ್ಲಿ ಅರ್ಧದಷ್ಟು ಸ್ಫೋಟಕವೇ ಇರುತ್ತದೆ. ಮಣ್ಣಿನಲ್ಲಿ ಎಪ್ಪತ್ತು ವರ್ಷ ಇದ್ದರೂ ಟಿಎನ್‌ಟಿ ಎಂಬ ಆ ಸ್ಫೋಟಕ ಕೆಡುವುದಿಲ್ಲ.

ಆಸ್ಪತ್ರೆಯಲ್ಲಿ, ಆಮೇಲೆ ಮನೆಯಲ್ಲಿ, ಓದುವುದಕ್ಕೆ ಬಹಳ ಸಮಯ ಸಿಕ್ಕಿತು. ಮಲಯ ಜಪಾನೀಯರ ಕೈಯಲ್ಲಿದ್ದಾಗ, 1945ರ ಫೆಬ್ರವರಿ 19ರಂದು ಮತ್ತು ಮಾರ್ಚ್ 10ರಂದು, ಅಮೆರಿಕದ ಬಿ-29 ವಿಮಾನಗಳು ಕೌಲಾಲಂಪುರದ ರೈಲ್ವೆ ವರ್ಕ್‌ಶಾಪಿನ ಮೇಲೆ ದಾಳಿ ಮಾಡಿದವು. ಅವು ಹೊರಟದ್ದು ನಮ್ಮ ದೇಶದಿಂದ. ಖರಗ್‌ಪುರದ ಸುತ್ತ, ಚಾಕುಲಿಯಾ, ಪಿಯಾರ್ಡೋಬಾ, ದುಧ್‌ಕುಂಡಿಗಳಲ್ಲಿ ಅವುಗಳ ನೆಲೆಗಳಿದ್ದವು. ಖರಗ್‌ಪುರ, ಬಾಲಾಸೋರ್ ಎರಡೂ ಹೌರಾ–ಚೆನ್ನೈ ರೈಲು ಮಾರ್ಗದಲ್ಲೇ ಇವೆ. ಬೇಸಿಗೆ ರಜೆಯಲ್ಲಿ ನಾನು ಹೋಗುತ್ತಿದ್ದ ಸೀಮೆ ಅದು. ಆ ವಿಮಾನಗಳಿಂದ ಬಿದ್ದ ಬಾಂಬಿನ ಮೂತಿಯಲ್ಲೊಂದು, ಬಾಲದಲ್ಲೊಂದು ಚಿಕ್ಕ ಪಂಖ ಇರುತ್ತಿತ್ತು. ಬೀಳುವಾಗ ಗಾಳಿಗೆ ತಿರುಗಿ ಅದು ಫ್ಯೂಜನ್ನು ಸಿದ್ಧ ಮಾಡುತ್ತದೆ, ಗಟ್ಟಿ ನೆಲಕ್ಕೆ ಬಡಿದರೆ ಸಿಡಿಯುತ್ತದೆ. ತವರದ ಕೆಸರಿನಂಥ ಮೆತ್ತನೆ ನೆಲಕ್ಕೆ ಬಿದ್ದದ್ದು ಒಳಗೆ ಇಳಿದು ಹಾಗೇ ಉಳಿಯಬಹುದು. ನನ್ನ ಪಕ್ಕದ್ದು ಹಾಗೆ ಉಳಿದದ್ದು ಎಂದೇ ನನ್ನ ನಂಬಿಕೆ.

ಅಪ್ಪನ ಕೆಲಸ ನೆನಪಾಗಿ ಪ್ರೂಫ್ ರೇಂಜುಗಳ ಬಗ್ಗೆಯೂ ಹುಡುಕಿದೆ. ಹಾಗೆ ಸಿಕ್ಕಿದ ಹೆಸರು ಜರ್ಮನಿಯ ಹಿಲ್ಲರ್ಸ್‌ಲೇಬೆನ್. ಮಾಗ್ಡೆಬರ್ಗ್ ಊರಿನ ವಾಯವ್ಯಕ್ಕಿರುವ ಹಳ್ಳಿ. ಹಿಟ್ಲರನ ಸೈನ್ಯ ಅಲ್ಲಿ ತೋಪು, ಗುಂಡುಗಳನ್ನು ಪರೀಕ್ಷಿಸುವ ದೊಡ್ಡ ರೇಂಜ್ ಕಟ್ಟಿತ್ತು. 80 ಸೆಂಟಿಮೀಟರ್ ಬಾಯಿಯ ದೈತ್ಯ ತೋಪಿನ ಪರೀಕ್ಷಾ ಮಾದರಿ ಹೋದದ್ದು ಅಲ್ಲಿಗೆ. ಏಳು ಟನ್ ಮೀರಿದ ಗುಂಡು, ಏಳು ಮೀಟರ್ ಕಾಂಕ್ರೀಟನ್ನು ತೂರಬೇಕು ಎಂಬ ಷರತ್ತು. ಎಂಥ ಲೆಕ್ಕ, ಎಂಥ ಶ್ರದ್ಧೆ! ಅದೇ ಊರಿನ ಇನ್ನೊಂದು ಸಂಗತಿ ಓದಿ ಪುಸ್ತಕ ಮುಚ್ಚಿಟ್ಟೆ. 1945ರ ಏಪ್ರಿಲ್ 13ರಂದು, ಹತ್ತಿರದ ಫಾರ್ಸ್‌ಲೇಬೆನ್ ಬಳಿ ಅಮೆರಿಕದ ಸೈನಿಕರಿಗೆ ಒಂದು ರೈಲು ಸಿಕ್ಕಿತು. ಬೆರ್ಗನ್-ಬೆಲ್ಸನ್ ಶಿಬಿರದಿಂದ ಸಾಗಿಸುತ್ತಿದ್ದ ಸುಮಾರು 2,500 ಯೆಹೂದಿ ಕೈದಿಗಳು ಅದರಲ್ಲಿದ್ದರು, ಹಸಿವು ಮತ್ತು ಟೈಫಸ್‌ನಿಂದ ಸಾಯುತ್ತಾ. ಅವರನ್ನು ಇರಿಸಿ ಚಿಕಿತ್ಸೆ ಕೊಟ್ಟದ್ದು ಹಿಲ್ಲರ್ಸ್‌ಲೇಬೆನ್ ರೇಂಜಿನ ಮನೆಗಳಲ್ಲಿ. ನೂರಕ್ಕೂ ಹೆಚ್ಚು ಜನ ಬಿಡುಗಡೆಯಾದ ಮೇಲೂ ಉಳಿಯದೆ ಅಲ್ಲೇ ಮಣ್ಣಾದರು. ಗುಂಡಿನ ವೇಗ ಅಳೆದವರ ಮಂಚದ ಮೇಲೆ ಅವರು ಮಲಗಿರಬಹುದು ಎಂಬ ಯೋಚನೆ ಬಹಳ ದಿನ ನನ್ನನ್ನು ಬಿಡಲಿಲ್ಲ.

ಅಪ್ಪನ ಕೆಲಸವನ್ನು ನಾನು ಕೀಳು ಎನ್ನುವುದಿಲ್ಲ. ಅವರು ಪ್ರಾಮಾಣಿಕರು, ಬ್ಲೈಂಡ್ ಹುಡುಕದೆ ಮನೆಗೆ ಬಂದವರಲ್ಲ. ಆದರೆ ಆ ಶಿಸ್ತು ರೇಂಜಿನ ಬೇಲಿಯೊಳಗೆ ಮಾತ್ರ ಇದೆ. ಯುದ್ಧದಲ್ಲಿ ಬಿದ್ದದ್ದಕ್ಕೆ ಯಾರೂ ಬಾವುಟ ನೆಡುವುದಿಲ್ಲ. ಅದನ್ನು ಹುಡುಕುವವರು ಹೊಟ್ಟೆಪಾಡಿಗೆ ಬಂದು ಅಗೆಯುವ ಪರದೇಶಿಗಳು, ಅದೂ ತಾವು ಹುಡುಕುತ್ತಿದ್ದೇವೆ ಎಂದು ಗೊತ್ತಿಲ್ಲದೆ.

ಎಲ್ಲ ಕಡೆಯೂ ಹೀಗೇ ಅಲ್ಲ. 2017ರ ಸೆಪ್ಟೆಂಬರ್ 3ರಂದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಯುದ್ಧಕಾಲದ ಒಂದು ಬ್ರಿಟಿಷ್ ಬಾಂಬ್ ನಿಷ್ಕ್ರಿಯಗೊಳಿಸಲು 60 ಸಾವಿರಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿದರು. ಬಾಂಬ್ ಬಿದ್ದ ಊರುಗಳಲ್ಲಿ ಕಟ್ಟಡಕ್ಕೆ ನೆಲ ಅಗೆಯುವ ಮೊದಲು ಯುದ್ಧಕಾಲದ ವಿಮಾನ ಚಿತ್ರಗಳನ್ನು ನೋಡಿ, ನೆಲದೊಳಗೆ ಕಬ್ಬಿಣವಿದೆಯೇ ಎಂದು ಪರೀಕ್ಷಿಸುವುದು ಅಲ್ಲಿ ರೂಢಿ. ಅದೇ ವರ್ಷ ಡಿಸೆಂಬರಿನಲ್ಲಿ ಕೌಲಾಲಂಪುರದ ಜಲಾನ್ ಬಾಂಗ್ಸಾರ್ ಬಳಿ ಕಟ್ಟಡ ಕಾಮಗಾರಿಯ ಜಾಗದಲ್ಲಿ ಎರಡನೇ ಮಹಾಯುದ್ಧದ ಬಾಂಬ್ ಸಿಡಿದು ಬಾಂಗ್ಲಾದೇಶದ ಕೆಲಸಗಾರರು ಗಾಯಗೊಂಡರು. ಆ ಸುದ್ದಿ ಓದಿದಾಗ ನಾನು ಅರಸೀಕೆರೆಯಲ್ಲಿದ್ದೆ. ಕೂಡಲೇ ಭಾಯ್‌ಗೆ ಫೋನ್ ಮಾಡಿದೆ. ಅವನು ಪರ್ಮಿಟ್ ಮುಗಿದು ಬಾಂಗ್ಲಾದೇಶದ ಕುಮಿಲ್ಲಾಕ್ಕೆ ಮರಳಿದ್ದ. “ನಾನಲ್ಲ ಬಾಸ್” ಎಂದ.

ಮಲೇಷ್ಯಾದಲ್ಲಿ ನಮ್ಮ ಕಡೆಯ ಎಂಜಿನಿಯರುಗಳು ಬಹಳ ಜನ ಇದ್ದಾರೆ, ಮುಂದೆಯೂ ಹೋಗುತ್ತಾರೆ. ಅವರಿಗಾಗಿ ಇದನ್ನು ಬರೆದೆ. ಹಳೆಯ ರೈಲ್ವೆ ಯಾರ್ಡ್, ಬಂದರು, ವಿಮಾನ ನಿಲ್ದಾಣಗಳ ಹತ್ತಿರ ಅಗೆಯುವ ಕೆಲಸ ಬಂದರೆ, ಮೊದಲು ನೆಲದೊಳಗಿನ ಕಬ್ಬಿಣ ಪತ್ತೆಮಾಡುವ ಮ್ಯಾಗ್ನೆಟೋಮೀಟರ್ ಸರ್ವೆ ಮಾಡಿಸಿ ಎಂದು ಬರವಣಿಗೆಯಲ್ಲಿ ಕೇಳಿ. ಮಾಡಿಸುವುದಿಲ್ಲ ಎಂದರೆ ಅದನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಶೋರಿಂಗ್ ಮುಗಿಯದ ಗುಂಡಿಗೆ ಯಾರನ್ನೂ ಇಳಿಸಬೇಡಿ, ನೀವೂ ಇಳಿಯಬೇಡಿ. ಶೀಟು ನಾಳೆ ಬರುತ್ತದೆ ಎಂದರೆ ಅಗೆತವೂ ನಾಳೆಯೇ ಆಗಲಿ.